ಹುಳುಕಿನ ವಿಳಾಸ

ಹಲ್ಲು ಎಷ್ಟು ಎಂದು ಕೇಳಿದರೆ ಯಾರಾದರೂ ಥಟ್ಟನೆ ಮೂವತ್ತೆರಡು ಎನ್ನುತ್ತಾರೆ. ದಂತವೈದ್ಯರ ಹತ್ತಿರ ಇನ್ನೊಂದು ಲೆಕ್ಕವಿರುತ್ತದೆ. ಆ ಲೆಕ್ಕದಲ್ಲಿ ಹಿಂದಿನ ಪ್ರತಿ ದವಡೆ ಹಲ್ಲಿಗೂ ಐದು ಮುಖ. ಅಗಿಯುವ ಮೇಲ್ಮೈ ಒಂದು, ಕೆನ್ನೆಯ ಕಡೆಯದೊಂದು, ನಾಲಿಗೆಯ ಕಡೆಯದೊಂದು, ಅಕ್ಕಪಕ್ಕದ ಹಲ್ಲಿಗೆ ತಾಗುವವು ಎರಡು. ಮುಂದಿನ ಬಾಚಿಹಲ್ಲು, ಕೋರೆಹಲ್ಲುಗಳಿಗೆ ಅಗಿಯುವ ಮೇಲ್ಮೈ ಇಲ್ಲ, ಬರೀ ಅಂಚು. ಹಾಗಾಗಿ ಅವಕ್ಕೆ ನಾಲ್ಕೇ ಮುಖ. 20 ಹಲ್ಲಿಗೆ ಐದರಂತೆ 100, 12 ಹಲ್ಲಿಗೆ ನಾಲ್ಕರಂತೆ 48, ಒಟ್ಟು 148. ಇಷ್ಟೂ ಮುಖಗಳು ಒಂದೇ ಬಾಯಲ್ಲಿ, ಒಂದೇ ಊಟ ಉಂಡು, ಒಂದೇ ಎಂಜಲಲ್ಲಿ ನೆನೆದಿರುತ್ತವೆ. ಆದರೂ ಹುಳುಕು ಇವುಗಳ ನಡುವೆ ಸಮನಾಗಿ ಹಂಚಿಕೆಯಾಗುವುದಿಲ್ಲ. ಕೆಲವು ಮುಖಗಳು ಆರನೇ ವಯಸ್ಸಿಗೇ ಕೆಡಲು ಶುರುವಾಗುತ್ತವೆ, ಕೆಲವು ಎಂಬತ್ತಾದರೂ ಹಾಗೇ ಉಳಿಯುತ್ತವೆ.

ನಾನು ದಂತವೈದ್ಯೆಯಲ್ಲ. ಬೆಂಗಳೂರಿನ ಹೊರವಲಯದ ಕಾರ್ಖಾನೆ ಪ್ರದೇಶಗಳಲ್ಲಿ ದುಡಿಯುವವರ ಆರೋಗ್ಯದ ಇತಿಹಾಸವನ್ನು ಪಿಎಚ್.ಡಿ.ಗಾಗಿ ಓದುತ್ತಿರುವವಳು. ಪೀಣ್ಯ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳಲ್ಲಿ ಜನರ ಜೊತೆ ಕೂತು ಮಾತಾಡುವುದು ನನ್ನ ಕೆಲಸದ ದೊಡ್ಡ ಪಾಲು. ಬೆನ್ನುನೋವು, ಕಣ್ಣುರಿ, ಕೆಮ್ಮಿನ ಬಗ್ಗೆ ಕೇಳಿದರೆ ಜನ ಬಿಡಿಸಿ ಹೇಳುತ್ತಾರೆ. ಹಲ್ಲಿನ ಮಾತು ಬಂದ ಕೂಡಲೇ ಕೈ ಬಾಯಿಗೆ ಹೋಗುತ್ತದೆ. ಅದು ಕಾಯಿಲೆಯಲ್ಲ, ತಮ್ಮದೇ ತಪ್ಪು ಎಂಬಂತೆ ನಗುತ್ತಾರೆ. ಸರಿಯಾಗಿ ಉಜ್ಜಲಿಲ್ಲ, ಸಿಹಿ ತಿಂದೆ, ನಮ್ಮ ಮನೆತನದ ಹಲ್ಲೇ ಇಷ್ಟು ಎನ್ನುತ್ತಾರೆ. ಈ ನಾಚಿಕೆಯ ಬೆನ್ನು ಹತ್ತಿ ಹೋದಾಗಲೇ ನನಗೆ ಹಲ್ಲಿನ ಮುಖಗಳ ಚರಿತ್ರೆ ಎದುರಾದದ್ದು. ಹುಳುಕು ಹಲ್ಲಿನ ಯಾವ ಮುಖದಲ್ಲಿದೆ ಎಂಬುದರಿಂದ ಆ ಮನುಷ್ಯ ಯಾವ ಊರಿನ ನೀರು ಕುಡಿದ, ಯಾವ ಕಾಲದ ಊಟ ಉಂಡ, ಯಾವ ಕೆಲಸ ಮಾಡಿದ ಎಂದು ಸ್ವಲ್ಪಮಟ್ಟಿಗೆ ಓದಬಹುದು.

ಮೊದಲು ಪದವನ್ನೇ ನೋಡೋಣ. ಹುಳುಕು ಎನ್ನುವಾಗಲೇ ಹುಳು ಅದರೊಳಗಿದೆ. ಹಲ್ಲನ್ನು ಹುಳ ಕೊರೆಯುತ್ತದೆ ಎಂಬ ನಂಬಿಕೆ ನಮ್ಮೊಬ್ಬರದಲ್ಲ. ಬ್ಯಾಬಿಲೋನಿನ ಜೇಡಿಮಣ್ಣಿನ ಹಲಗೆಗಳಲ್ಲಿ ಹಲ್ಲಿನ ಹುಳದ ಕಥೆಯಿದೆ. ಸುಶ್ರುತ ಸಂಹಿತೆ ದಂತರೋಗಗಳನ್ನು ಎಣಿಸುವಾಗ ಕೃಮಿದಂತಕ ಎಂಬುದನ್ನು ಹೆಸರಿಸುತ್ತದೆ. ನೆಲಗುಳ್ಳದ ಬೀಜವನ್ನು ಕೆಂಡದ ಮೇಲೆ ಹಾಕಿ ಆ ಹೊಗೆಯನ್ನು ಬಾಯಿಗೆ ಹಿಡಿದು ಹುಳ ಬೀಳಿಸುವ ಚಿಕಿತ್ಸೆ ನಮ್ಮ ಹಳ್ಳಿಗಳಲ್ಲಿ ಬಹಳ ಕಾಲ ನಡೆದಿತ್ತು. ಕೊರೆದು ಚಿಕಿತ್ಸೆ ಮಾಡುವುದೂ ಹಳೆಯದೇ. ಈಗಿನ ಪಾಕಿಸ್ತಾನದ ಮೆಹರ್‌ಗಢದಲ್ಲಿ ಒಂಬತ್ತು ವಯಸ್ಕರ ಹನ್ನೊಂದು ದವಡೆ ಹಲ್ಲುಗಳಲ್ಲಿ ಕಲ್ಲಿನ ಮೊನೆಯಿಂದ ಕೊರೆದ ತೂತುಗಳು ಸಿಕ್ಕಿವೆ. ಅವು 7,500ರಿಂದ 9,000 ವರ್ಷಗಳಷ್ಟು ಹಿಂದಿನವು. 1728ರಲ್ಲಿ ಫ್ರಾನ್ಸಿನ ಪಿಯರ್ ಫೊಶಾರ್ ತನ್ನ ದಂತವೈದ್ಯ ಗ್ರಂಥದಲ್ಲಿ ಈ ಹುಳವನ್ನು ನಿರಾಕರಿಸಿದ. 1890ರಲ್ಲಿ ಡಬ್ಲ್ಯೂ. ಡಿ. ಮಿಲ್ಲರ್ ಎಂಬ ಅಮೆರಿಕನ್, ಬರ್ಲಿನ್ನಿನಲ್ಲಿ ಕೂತು ಬರೆದ ಪುಸ್ತಕದಲ್ಲಿ ನಿಜವಾದ ಕಾರಣವನ್ನು ವಿವರಿಸಿದ. ಬಾಯಲ್ಲಿರುವ ಸೂಕ್ಷ್ಮಾಣುಗಳು ಹಿಟ್ಟು, ಸಕ್ಕರೆಗಳನ್ನು ಹುಳಿಸಿ ಆಮ್ಲ ಮಾಡುತ್ತವೆ, ಆ ಆಮ್ಲ ಹಲ್ಲನ್ನು ಕರಗಿಸುತ್ತದೆ.

ಹುಳಕ್ಕೂ ಆಮ್ಲಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ. ಹುಳ ಎಲ್ಲಿ ಬೇಕಾದರೂ ಕೊರೆಯಬಹುದು. ಆಮ್ಲ ಹಾಗಲ್ಲ. ಅದನ್ನು ತೊಳೆದುಹಾಕುವವರು ಯಾರೂ ಬರದ ಜಾಗದಲ್ಲಿ ಮಾತ್ರ ಅದು ನಿಲ್ಲುತ್ತದೆ. ಅಂಥ ಜಾಗಗಳು ಬಾಯಲ್ಲಿ ಮುಖ್ಯವಾಗಿ ಮೂರು. ಒಂದು, ದವಡೆ ಹಲ್ಲಿನ ಅಗಿಯುವ ಮುಖದಲ್ಲಿರುವ ಸಂದುಗಳು. ಕೆಲವು ಸಂದುಗಳು ಎಷ್ಟು ಕಿರಿದೆಂದರೆ ಬ್ರಷ್ಷಿನ ಒಂದು ಎಳೆಯೂ ಒಳಗೆ ಇಳಿಯುವುದಿಲ್ಲ. ಎರಡು, ಹಲ್ಲಿಗೆ ಹಲ್ಲು ತಾಗುವ ಪಕ್ಕಗಳು, ಅದರಲ್ಲೂ ತಾಗುವ ಬಿಂದುವಿನ ಸ್ವಲ್ಪ ಕೆಳಗೆ. ಮೂರು, ಒಸಡಿನ ಅಂಚಿಗೆ ಹೊಂದಿಕೊಂಡ ಹಲ್ಲಿನ ಕುತ್ತಿಗೆ. ಒಸಡು ಸರಿದರೆ ಅಲ್ಲಿ ಬೇರು ಬಯಲಾಗುತ್ತದೆ. ಹಲ್ಲಿನ ಮೇಲಿನ ಎನಾಮಲ್ ಕರಗಲು ಬಾಯಿಯ ಪಿಎಚ್ ಸುಮಾರು 5.5ಕ್ಕೆ ಇಳಿಯಬೇಕು, ಬೇರು ಅದಕ್ಕಿಂತ ಕಡಿಮೆ ಹುಳಿಗೇ ಕರಗುತ್ತದೆ. ವಯಸ್ಸಾದವರಲ್ಲಿ ಹುಳುಕು ಒಸಡಿನ ಬುಡಕ್ಕೆ ಇಳಿಯುವುದು ಹೀಗೆ.

1940ರ ದಶಕದಲ್ಲಿ ರಾಬರ್ಟ್ ಸ್ಟೀಫನ್ ಎಂಬ ಅಮೆರಿಕದ ವಿಜ್ಞಾನಿ, ಸಕ್ಕರೆ ನೀರಿನಿಂದ ಬಾಯಿ ಮುಕ್ಕಳಿಸಿದ ಮೇಲೆ ಹಲ್ಲಿನ ಪಾಚಿಯಲ್ಲಿ ಹುಳಿ ಏರುವುದನ್ನು ಅಳೆದ. ಕೆಲವೇ ನಿಮಿಷಗಳಲ್ಲಿ ಪಿಎಚ್ ಕುಸಿಯುತ್ತದೆ, ಮತ್ತೆ ಮೊದಲಿನ ಮಟ್ಟಕ್ಕೆ ಬರಲು ಅರ್ಧ ಗಂಟೆಯೋ ಒಂದು ಗಂಟೆಯೋ ಬೇಕು. ಹಾಗೆ ಮರಳಿ ತರುವುದು ಎಂಜಲು. ಆದರೆ ಬಾಯಿಯಲ್ಲಿ ಎಂಜಲು ಎಲ್ಲೆಡೆ ಒಂದೇ ಸಮ ಹರಿಯುವುದಿಲ್ಲ. ಕೆಳಗಿನ ಬಾಚಿಹಲ್ಲುಗಳ ಹಿಂದೆ, ನಾಲಿಗೆಯ ಕೆಳಗೆ ಅದರ ಊಟೆ ಇದೆ. ಆ ಹಲ್ಲುಗಳು ಸದಾ ಮಿಂದಿರುತ್ತವೆ. ಅದಕ್ಕೇ ಅಲ್ಲಿ ಗಾರೆ ಬೇಗ ಕಟ್ಟುತ್ತದೆ, ಹುಳುಕು ಮಾತ್ರ ಅಪರೂಪ. ಮೇಲಿನ ಬಾಚಿಹಲ್ಲುಗಳ ತುಟಿಯ ಕಡೆಗೆ ಎಂಜಲು ಅಷ್ಟಾಗಿ ತಲುಪುವುದಿಲ್ಲ. ಸಕ್ಕರೆ ಹಾಕಿದ ಹಾಲಿನ ಬಾಟಲಿಯನ್ನು ಬಾಯಲ್ಲಿಟ್ಟುಕೊಂಡೇ ಮಲಗುವ ಮಗುವಿನ ಮೇಲಿನ ಮುಂದಿನ ಹಲ್ಲುಗಳು ಕಪ್ಪಾಗಿ ಉದುರಿದರೂ ಕೆಳಗಿನವು ಬೆಳ್ಳಗೇ ಉಳಿಯುವುದು ಇದರಿಂದಲೇ. ನಿದ್ದೆಯಲ್ಲಿ ಎಂಜಲು ಬಹುತೇಕ ನಿಂತುಹೋಗುತ್ತದೆ. ಬಾಟಲಿಯ ಮೊಲೆತೊಟ್ಟು ಮತ್ತು ನಾಲಿಗೆ ಕೆಳಗಿನ ಹಲ್ಲನ್ನು ಮುಚ್ಚಿ ಕಾಯುತ್ತವೆ. ಮೇಲಿನದಕ್ಕೆ ಅಂಥ ಕಾವಲಿಲ್ಲ.

ಈ ಭೂಗೋಳಕ್ಕೆ ಒಂದು ಕಾಲಾನುಕ್ರಮವೂ ಇದೆ. ಇತಿಹಾಸದ ವಿದ್ಯಾರ್ಥಿಯಾಗಿ ನನ್ನನ್ನು ಹಿಡಿದು ಕೂರಿಸಿದ್ದು ಅದೇ. 1970ರ ದಶಕದಲ್ಲಿ ಮೂರ್ ಮತ್ತು ಕಾರ್ಬೆಟ್ ಎಂಬ ಇಬ್ಬರು ಬ್ರಿಟಿಷ್ ಸಂಶೋಧಕರು ಹಳೆಯ ಸಮಾಧಿಗಳ ತಲೆಬುರುಡೆಗಳಲ್ಲಿ ಹುಳುಕು ಹಲ್ಲಿನ ಯಾವ ಜಾಗದಲ್ಲಿದೆ ಎಂದು ಒಂದೊಂದಾಗಿ ಗುರುತಿಸಿದರು. ಕಬ್ಬಿಣ ಯುಗದಿಂದ ಮಧ್ಯಯುಗದವರೆಗಿನ ಬುರುಡೆಗಳಲ್ಲಿ ಹುಳುಕು ಹೆಚ್ಚಾಗಿ ಇದ್ದದ್ದು ಹಲ್ಲಿನ ಕುತ್ತಿಗೆಯಲ್ಲಿ. ಅದೂ ವಯಸ್ಸಾದವರಲ್ಲಿ ಹೆಚ್ಚು. ಹತ್ತೊಂಬತ್ತನೇ ಶತಮಾನದ ಬುರುಡೆಗಳಿಗೆ ಬರುವಷ್ಟರಲ್ಲಿ ಅದು ಮೇಲಿನ ಸಂದುಗಳಿಗೂ ಹಲ್ಲುಗಳು ತಾಗುವ ಪಕ್ಕಗಳಿಗೂ ಏರಿತ್ತು, ಮಕ್ಕಳಲ್ಲೂ ಕಾಣಿಸಿಕೊಂಡಿತ್ತು. ನಡುವೆ ಆದದ್ದೇನು? ಒರಟು ಹಿಟ್ಟು ಹೋಗಿ ನಯವಾದ ಹಿಟ್ಟು ಬಂತು, ವಸಾಹತುಗಳ ಸಕ್ಕರೆ ಬಡವರಿಗೂ ಎಟುಕುವಷ್ಟು ಅಗ್ಗವಾಯಿತು. ಒರಟು ಊಟ ಅಗಿಯುವ ಮುಖವನ್ನು ಸವೆಸಿ ಚಪ್ಪಟೆ ಮಾಡುತ್ತದೆ. ಸಂದೇ ಸವೆದುಹೋದರೆ ಆಮ್ಲ ನಿಲ್ಲಲು ಅಲ್ಲಿ ಜಾಗವೆಲ್ಲಿ? ನಯವಾದ ಊಟ ಸಂದನ್ನು ಹಾಗೇ ಉಳಿಸಿತು, ಸಕ್ಕರೆ ಅದನ್ನು ತುಂಬಿತು.

ನಮ್ಮಲ್ಲಿ ಇದು ನಡೆದದ್ದು ಇನ್ನೂ ಈಚೆಗೆ, ಹೆಚ್ಚು ರಭಸದಿಂದ. ಬೀಸುಕಲ್ಲಿನಲ್ಲಿ ರಾಗಿ ಬೀಸುತ್ತಿದ್ದ ಕಾಲದಲ್ಲಿ ಹಿಟ್ಟಿನ ಜೊತೆ ಕಲ್ಲಿನ ಪುಡಿಯೂ ಸ್ವಲ್ಪ ಹೊಟ್ಟೆಗೆ ಹೋಗುತ್ತಿತ್ತು, ಹಲ್ಲು ಸವೆಯುತ್ತಿತ್ತು. ಸಿಹಿ ಎಂದರೆ ಹಬ್ಬದ ಬೆಲ್ಲ. 1905ರಲ್ಲಿ ಶಿವನಸಮುದ್ರದ ವಿದ್ಯುತ್ತು ಬೆಂಗಳೂರಿಗೆ ಬಂತು. ಹಿಟ್ಟಿನ ಗಿರಣಿಗಳು ಊರೂರಿಗೆ ಬಂದಂತೆ ಬೀಸುಕಲ್ಲು ಮೂಲೆ ಸೇರಿತು. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು. ಕನ್ನಂಬಾಡಿ ಕಟ್ಟೆಯ ನಾಲೆಯ ನೀರಲ್ಲಿ ಬೆಳೆದ ಕಬ್ಬಿಗೆ ಮಾರುಕಟ್ಟೆ ಸಿಕ್ಕಿತು. ಮಂಡ್ಯದ ರೈತನ ಬದುಕಿಗೆ ಅದು ದೊಡ್ಡ ತಿರುವು, ಅದನ್ನು ಹೀಗಳೆಯುವ ಮಾತಲ್ಲ ಇದು. ಆದರೆ ಸಕ್ಕರೆ ಹಾಕಿದ ಕಾಫಿ, ಚಹಾ, ಬನ್ನು, ಬಿಸ್ಕತ್ತುಗಳು ದಿನಗೂಲಿಯವನ ಹೊಟ್ಟೆಪಾಡಾದದ್ದು ಈ ದಾರಿಯಲ್ಲೇ. ಇಂಗ್ಲೆಂಡಿನ ಬುರುಡೆಗಳು ಕೆಲವು ಶತಮಾನಗಳಲ್ಲಿ ಹಾದುಬಂದ ಬದಲಾವಣೆಯನ್ನು ಹಳೇ ಮೈಸೂರಿನ ಬಾಯಿಗಳು ಮೂರು ತಲೆಮಾರಿನಲ್ಲಿ ಹಾದುಬಂದಿವೆ.

ಹಲ್ಲಿನ ಮುಖಗಳಿಗೆ ಶಾಸ್ತ್ರೀಯವಾಗಿ ಅಂಕೆ ಕೊಟ್ಟವರು ಜಿ. ವಿ. ಬ್ಲ್ಯಾಕ್. ಅಮೆರಿಕದ ಇಲಿನಾಯ್‌ನವರು. 1908ರಲ್ಲಿ ಬಂದ ಅವರ ಗ್ರಂಥದ ವಿಂಗಡಣೆಯನ್ನು ನಮ್ಮ ದಂತವೈದ್ಯ ವಿದ್ಯಾರ್ಥಿಗಳು ಇವತ್ತಿಗೂ ಬಾಯಿಪಾಠ ಮಾಡುತ್ತಾರೆ. ಸಂದಿನ ಹುಳುಕು ಒಂದನೇ ವರ್ಗ, ದವಡೆ ಹಲ್ಲುಗಳ ಪಕ್ಕದ್ದು ಎರಡನೆಯದು, ಮುಂದಿನ ಹಲ್ಲುಗಳ ಪಕ್ಕದ್ದು ಮೂರು ಮತ್ತು ನಾಲ್ಕು, ಒಸಡಿನ ಅಂಚಿನದು ಐದು. ಬ್ಲ್ಯಾಕ್ ಅವರ ಇನ್ನೊಂದು ಸೂತ್ರಕ್ಕೆ ಇನ್ನೂ ಹೆಚ್ಚಿನ ಪರಿಣಾಮವಿತ್ತು. ಹುಳುಕು ಕೆಲವು ಜಾಗಗಳಲ್ಲಿ ಬರುತ್ತದೆ, ಕೆಲವು ಜಾಗಗಳಲ್ಲಿ ಬರುವುದಿಲ್ಲ ಎಂದಾದರೆ, ತೂತನ್ನು ತುಂಬುವಾಗ ಬರುವ ಜಾಗವನ್ನೆಲ್ಲ ಕೊರೆದು, ಬಾರದ ಜಾಗದವರೆಗೂ ತುಂಬುವಿಕೆಯನ್ನು ವಿಸ್ತರಿಸಬೇಕು ಎಂಬುದು ಆ ಸೂತ್ರ. ಮುಂದೆ ಬರಬಹುದಾದ ಕಾಯಿಲೆಯನ್ನು ತಡೆಯಲು ಗಟ್ಟಿ ಹಲ್ಲನ್ನೂ ಕೊರೆಯುವುದು. ಇಪ್ಪತ್ತನೇ ಶತಮಾನದ ಬಹುಪಾಲು ದಂತವೈದ್ಯರು ಇದನ್ನೇ ಪಾಲಿಸಿದರು. ಫ್ಲೋರೈಡು, ಹಲ್ಲಿಗೆ ಅಂಟುವ ಹೊಸ ತುಂಬುವಸ್ತುಗಳು ಬಂದ ಮೇಲೆ ಈ ಕ್ರಮ ಹಿಂದೆ ಸರಿಯಿತು.

ಎಣಿಕೆಗೂ ಹೀಗೊಂದು ಕಥೆ ಇದೆ. 1930ರ ದಶಕದ ಕೊನೆಯಲ್ಲಿ ಅಮೆರಿಕದ ಮೇರಿಲ್ಯಾಂಡಿನ ಹೇಗರ್ಸ್‌ಟೌನ್ ಎಂಬ ಊರಿನ ಶಾಲಾಮಕ್ಕಳನ್ನು ಪರೀಕ್ಷಿಸಿದ ಕ್ಲೈನ್, ಪಾಮರ್ ಮತ್ತು ಸಂಗಡಿಗರು ಒಂದು ಸೂಚ್ಯಂಕ ಮಾಡಿದರು. ಹುಳುಕಾದದ್ದು, ಕಿತ್ತದ್ದು, ತುಂಬಿಸಿದ್ದು ಎಷ್ಟು ಎಂದು ಕೂಡುವುದು. ಹಲ್ಲನ್ನು ಲೆಕ್ಕಕ್ಕೆ ಹಿಡಿದರೆ ಒಂದು ಅಂಕಿ, ಮುಖಗಳನ್ನು ಹಿಡಿದರೆ ಇನ್ನೊಂದು. ಭಾರತದಲ್ಲಿ 2002-03ರಲ್ಲಿ ಭಾರತೀಯ ದಂತ ವೈದ್ಯಕೀಯ ಪರಿಷತ್ತು ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ 12 ವರ್ಷದ ಮಕ್ಕಳಲ್ಲಿ ಶೇ. 53.8, 35ರಿಂದ 44 ವರ್ಷದವರಲ್ಲಿ ಶೇ. 80.2 ಮಂದಿಗೆ ಹುಳುಕಿತ್ತು. ಇಂಥ ಶೇಕಡಾವಾರು ಅಂಕಿ ಕಾಯಿಲೆಯ ಹರವನ್ನು ತೋರಿಸುತ್ತದೆ, ಜಾಗವನ್ನು ತೋರಿಸುವುದಿಲ್ಲ. ಜಾಗ ಗೊತ್ತಾದರೆ ಏನು ಮಾಡಬೇಕೆಂದೂ ಗೊತ್ತಾಗುತ್ತದೆ. ಸಂದಿನ ಹುಳುಕಿಗೆ ಬೇಕಾದ ತಡೆ ಬೇರೆ, ಪಕ್ಕದ ಹುಳುಕಿಗೆ ಬೇಕಾದದ್ದು ಬೇರೆ, ಬೇರಿನದಕ್ಕೆ ಇನ್ನೊಂದು.

ಇದನ್ನು ಅತಿ ಸ್ಪಷ್ಟವಾಗಿ ತೋರಿಸಿಕೊಟ್ಟದ್ದು ಫ್ಲೋರೈಡು. ಅಮೆರಿಕದ ಕೊಲರಾಡೊ ಸೀಮೆಯ ಮಕ್ಕಳ ಹಲ್ಲು ಕಂದುಗಟ್ಟುವುದನ್ನು ಫ್ರೆಡ್ರಿಕ್ ಮೆಕೆ ಎಂಬ ದಂತವೈದ್ಯರು ಗಮನಿಸಿದ್ದರು. ಇದೇ ಬ್ಲ್ಯಾಕ್ ಅವರ ಜೊತೆ ಸೇರಿ ಅದನ್ನು ಅಧ್ಯಯನ ಮಾಡಿದರು. ಆ ಕಲೆಯ ಹಲ್ಲುಗಳಿಗೆ ಹುಳುಕು ಕಡಿಮೆ ಎಂಬುದು ಅಲ್ಲೇ ಗೊತ್ತಾದದ್ದು. 1931ರಲ್ಲಿ ಚರ್ಚಿಲ್ ಎಂಬ ರಸಾಯನ ವಿಜ್ಞಾನಿ ಅದಕ್ಕೆ ಕಾರಣ ಕುಡಿಯುವ ನೀರಿನಲ್ಲಿರುವ ಫ್ಲೋರೈಡು ಎಂದು ಕಂಡುಹಿಡಿದ. 1945ರಲ್ಲಿ ಗ್ರ್ಯಾಂಡ್ ರ‍್ಯಾಪಿಡ್ಸ್ ನಗರ ತನ್ನ ನೀರಿಗೆ ಬೇಕೆಂದೇ ಫ್ಲೋರೈಡು ಬೆರೆಸತೊಡಗಿತು. ಅದಾದ ಮೇಲೆ ಬಂದ ಅಧ್ಯಯನಗಳಲ್ಲಿ ಒಂದು ವಿಷಯ ಮತ್ತೆ ಮತ್ತೆ ಕಂಡಿತು. ಫ್ಲೋರೈಡು ಹಲ್ಲಿನ ನಯವಾದ ಮುಖಗಳನ್ನೂ ಪಕ್ಕಗಳನ್ನೂ ಚೆನ್ನಾಗಿ ಕಾಯುತ್ತದೆ, ಅಗಿಯುವ ಮುಖದ ಸಂದುಗಳನ್ನು ಅಷ್ಟಾಗಿ ಕಾಯುವುದಿಲ್ಲ. ಹೀಗಾಗಿ ಫ್ಲೋರೈಡು ಬಂದಲ್ಲೆಲ್ಲ ಒಟ್ಟು ಹುಳುಕು ಇಳಿಯಿತು, ಉಳಿದ ಹುಳುಕಿನಲ್ಲಿ ಸಂದುಗಳ ಪಾಲು ಏರಿತು.

ನಮ್ಮ ಕಥೆ ಇದಕ್ಕೆ ತಿರುವುಮುರುವು. ನಮ್ಮಲ್ಲಿ ಫ್ಲೋರೈಡು ಬೆರೆಸುವ ಪ್ರಶ್ನೆ ಬರಲಿಲ್ಲ, ಅದು ನೆಲದೊಳಗಿನಿಂದ ತಾನಾಗಿ ಬಂತು. 1937ರಲ್ಲಿ ಶಾರ್ಟ್ ಮತ್ತು ಸಂಗಡಿಗರು ಮದ್ರಾಸ್ ಪ್ರಾಂತದ ನೆಲ್ಲೂರು ಸೀಮೆಯಲ್ಲಿ ಫ್ಲೋರೈಡಿನಿಂದ ಮೂಳೆ ಬಾಗುವ ಕಾಯಿಲೆಯನ್ನು ದಾಖಲಿಸಿದರು. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರಿನ ಪಾವಗಡ ಸೀಮೆ, ಚಿತ್ರದುರ್ಗ, ರಾಯಚೂರು, ಕೊಪ್ಪಳ, ಗದಗ ಈ ಭೂಪಟಕ್ಕೆ ಸೇರಿದವು. ಕೆರೆಗಳು ಬತ್ತಿ, ಬಾವಿಗಳು ಬತ್ತಿ, ಕೊಳವೆಬಾವಿಗಳು ಬಂಡೆಯೊಳಕ್ಕೆ ಇಳಿದಂತೆ ಫ್ಲೋರೈಡಿನ ತೊಂದರೆಯೂ ಹೆಚ್ಚಿತು. ಕುಡಿಯುವ ನೀರಿನ ಭಾರತೀಯ ಮಾನದಂಡದ ಪ್ರಕಾರ ಲೀಟರಿಗೆ 1 ಮಿಲಿಗ್ರಾಮ್ ಒಳ್ಳೆಯದು, ಬೇರೆ ದಾರಿಯಿಲ್ಲದಿದ್ದರೆ 1.5ರವರೆಗೆ ನಡೆಯುತ್ತದೆ. ಮಗುವಿಗೆ ಖಾಯಂ ಹಲ್ಲುಗಳು ಒಸಡಿನೊಳಗೆ ರೂಪುಗೊಳ್ಳುವ ವರ್ಷಗಳಲ್ಲಿ ಇದು ಮೀರಿದರೆ ಎನಾಮಲಿನ ಮೇಲೆ ಸುಣ್ಣದ ಗೆರೆಯೋ ಕಂದು ಕಲೆಯೋ ಬಂದು ಜೀವನಪೂರ್ತಿ ನಿಲ್ಲುತ್ತದೆ.

ಬೆಂಗಳೂರಿನ ಕಾರ್ಖಾನೆ ವಲಯಕ್ಕೆ ಜನ ಬಂದದ್ದು ಬಹುಮಟ್ಟಿಗೆ ಇದೇ ಭೂಪಟದ ಊರುಗಳಿಂದ. ಪೀಣ್ಯದ ಗಾರ್ಮೆಂಟ್ ಕಾರ್ಖಾನೆಯೊಂದರಲ್ಲಿ ಹೊಲಿಯುವ ಪಾವಗಡದ ಕಡೆಯ ಒಬ್ಬ ಹೆಣ್ಣುಮಗಳ ಮಾತು ನನ್ನ ಟಿಪ್ಪಣಿ ಪುಸ್ತಕದಲ್ಲಿದೆ. ಆಕೆಯ ಮುಂದಿನ ಹಲ್ಲುಗಳ ಮೇಲೆ ಕಂದು ಪಟ್ಟೆಗಳಿವೆ. ಕೆಲಸ ಕೇಳಲು ಹೋದ ಒಂದು ಕಡೆ, ಹೊಗೆಸೊಪ್ಪು ಹಾಕ್ತೀಯಾ ಎಂದು ಕೇಳಿದರಂತೆ. ಅಂದಿನಿಂದ ಆಕೆ ಮಾತಾಡುವಾಗ ಬಾಯಿಗೆ ಸೆರಗು ಹಿಡಿಯುತ್ತಾಳೆ. ಆದರೆ ಕಲೆಯಾದ ಆ ಹಲ್ಲುಗಳಲ್ಲಿ ಒಂದೂ ಹುಳುಕಿಲ್ಲ. ಹೋದದ್ದು ಯಾರಿಗೂ ಕಾಣದ ಕಡೆಯವು. ಕೆಳಗಿನ ಎರಡು ದವಡೆ ಹಲ್ಲುಗಳನ್ನು ಎಡಕ್ಕೊಂದು ಬಲಕ್ಕೊಂದು ಕೀಳಿಸಿದ್ದಾಳೆ. ಎರಡೂ ಅಗಿಯುವ ಮುಖದಲ್ಲಿ ಕಪ್ಪು ಚುಕ್ಕೆಯಾಗಿ ಶುರುವಾಗಿದ್ದವು ಎಂದು ನೆನಪಿಸಿಕೊಂಡಳು. ಬೇರಿನ ಚಿಕಿತ್ಸೆಗೆ ನಾಲ್ಕಾರು ಸಲ ಹೋಗಬೇಕು, ಪ್ರತಿಸಲವೂ ಅರ್ಧ ದಿನದ ಕೂಲಿ ಹೋಗುತ್ತದೆ. ಕೀಳಿಸುವುದು ಒಂದೇ ದಿನದ ಕೆಲಸ.

ನಾನು ಮೇಲೆ ಹೇಳಿದ ಚರಿತ್ರೆಯ ಬೆಳಕಿನಲ್ಲಿ ನೋಡಿದರೆ ಆ ಬಾಯಿ ಒಂದು ದಸ್ತಾವೇಜು. ಮುಂದಿನ ನಯವಾದ ಮುಖಗಳಲ್ಲಿ ಊರಿನ ಕೊಳವೆಬಾವಿ ತನ್ನ ಸಹಿ ಹಾಕಿದೆ, ಕಾವಲನ್ನೂ ಕೊಟ್ಟಿದೆ. ಆ ಕಾವಲು ತಲುಪದ ಸಂದುಗಳಲ್ಲಿ ಸಕ್ಕರೆ ತನ್ನ ಸಹಿ ಹಾಕಿದೆ. ಕಿತ್ತ ಜಾಗದ ಖಾಲಿ ಒಸಡಿನಲ್ಲಿ ದಿನಗೂಲಿಯ ಸಹಿಯಿದೆ. ಫ್ಲೋರೈಡನ್ನು ಇಲ್ಲಿ ಹೊಗಳುತ್ತಿದ್ದೇನೆ ಎಂದುಕೊಳ್ಳಬೇಡಿ. ಅದು ಅತಿಯಾದರೆ ಎನಾಮಲ್ಲೇ ಉದುರಿ ಗುಳಿಬಿದ್ದು ಹುಳುಕಿಗೆ ಹೊಸ ಜಾಗ ಮಾಡಿಕೊಡುತ್ತದೆ, ಮೂಳೆಯನ್ನೂ ಬಿಡುವುದಿಲ್ಲ. ನಾನು ಹೇಳುವುದಿಷ್ಟೆ: ಜನ ನಾಚಿಕೊಳ್ಳುವ ಹಲ್ಲು ಒಂದು, ಕೆಡುವ ಹಲ್ಲು ಇನ್ನೊಂದು. ಎರಡಕ್ಕೂ ಅವರ ಕೊಳಕುತನ ಕಾರಣವಲ್ಲ.

ಪೀಣ್ಯದಲ್ಲಿ ಮುಂದಿನ ಹಲ್ಲಿಗೇ ಅಪಾಯ ತರುವ ಕೆಲಸವೂ ಇದೆ. 1970ರ ದಶಕದಲ್ಲಿ ರೂಪುಗೊಂಡ ಈ ಕೈಗಾರಿಕಾ ಪ್ರದೇಶದ ಓಣಿಗಳಲ್ಲಿ ಲೋಹಕ್ಕೆ ಲೇಪ ಕೊಡುವ ಎಲೆಕ್ಟ್ರೋಪ್ಲೇಟಿಂಗ್ ಘಟಕಗಳಿವೆ. ಲೋಹವನ್ನು ತೊಳೆಯುವ ಆಮ್ಲದ ತೊಟ್ಟಿಗಳಿಂದ ಏಳುವ ಹಬೆ ಉಸಿರಾಡಲು, ಮಾತಾಡಲು ಬಾಯಿ ತೆರೆದಾಗೆಲ್ಲ ತಾಗುವುದು ಬಾಚಿಹಲ್ಲುಗಳ ತುಟಿಯ ಕಡೆಯ ಮುಖಕ್ಕೆ ಮತ್ತು ಅಂಚಿಗೆ. ಬ್ಯಾಟರಿ ಮತ್ತು ಆಮ್ಲದ ಕಾರ್ಖಾನೆಗಳ ಕೆಲಸಗಾರರಲ್ಲಿ ಮುಂದಿನ ಹಲ್ಲುಗಳು ತೆಳ್ಳಗಾಗಿ ಗಿಡ್ಡವಾಗುವುದನ್ನು ಯುರೋಪಿನ ಅಧ್ಯಯನಗಳು ಬಹಳ ಹಿಂದೆಯೇ ದಾಖಲಿಸಿವೆ. ಇದು ಹುಳುಕಲ್ಲ, ಇದರಲ್ಲಿ ಸೂಕ್ಷ್ಮಾಣುಗಳ ಪಾತ್ರವಿಲ್ಲ, ಆಮ್ಲ ನೇರವಾಗಿ ಕರಗಿಸುತ್ತದೆ. ಬೇಕರಿ, ಮಿಠಾಯಿ ಕಾರ್ಖಾನೆಗಳಲ್ಲಿ ಗಾಳಿಯಲ್ಲಿ ತೇಲುವ ಸಕ್ಕರೆಯ ಪುಡಿಯಿಂದ ಅದೇ ಮುಂದಿನ ಹಲ್ಲುಗಳ ಕುತ್ತಿಗೆಯಲ್ಲಿ ನಿಜವಾದ ಹುಳುಕೇ ಬರುತ್ತದೆ. ಸಾಮಾನ್ಯವಾಗಿ ಕೆಡದ ಮುಖ ಕೆಟ್ಟಿದೆ ಎಂದರೆ ಊಟದ ಬಗ್ಗೆ ಕೇಳುವ ಮೊದಲು ಕೆಲಸದ ಬಗ್ಗೆ ಕೇಳಬೇಕು. ಜರ್ಮನಿಯ ಔದ್ಯೋಗಿಕ ಕಾಯಿಲೆಗಳ ಪಟ್ಟಿಯಲ್ಲಿ ಆಮ್ಲದಿಂದಾಗುವ ಹಲ್ಲಿನ ಕಾಯಿಲೆಗೆ 1312 ಎಂಬ ಪ್ರತ್ಯೇಕ ಸಂಖ್ಯೆಯೇ ಇದೆ.

ಎಲೆಕ್ಟ್ರಾನಿಕ್ ಸಿಟಿಯ ಹಲ್ಲು ಬೇರೆ ಮುಖದಲ್ಲಿ ಕೆಡುತ್ತದೆ. 1978ರಲ್ಲಿ ಕಿಯೋನಿಕ್ಸ್‌ನ ಆರ್. ಕೆ. ಬಾಳಿಗರು ಕೋನಪ್ಪನ ಅಗ್ರಹಾರದ ಕಡೆ ಕಟ್ಟಿದ ಕನಸು, 1882ರಲ್ಲಿ ಆಂಗ್ಲೋ-ಇಂಡಿಯನ್ನರ ಕೃಷಿ ನೆಲೆಯಾಗಿ ಶುರುವಾದ ವೈಟ್‌ಫೀಲ್ಡ್, ಎರಡೂ ಈಗ ರಾತ್ರಿ ಪಾಳಿಯ ಊರುಗಳು. ಇಲ್ಲಿ ದುಡಿಯುವವರಿಗೆ ಪೇಸ್ಟು, ಬ್ರಷ್ಷಿಗೆ ಕೊರತೆಯಿಲ್ಲ. ಆದರೆ ನಿದ್ದೆ ತಡೆಯಲು ಗಂಟೆಗೊಂದು ಸಿಹಿ ಕಾಫಿ, ತಂಪು ಪಾನೀಯ, ಬಿಸ್ಕತ್ತು. ಸ್ವೀಡನ್ನಿನ ವಿಪೆಹೋಮ್ ಎಂಬಲ್ಲಿ 1945ರಿಂದ ಕೆಲವು ವರ್ಷ ನಡೆದ ಪ್ರಯೋಗವೊಂದು, ಸಕ್ಕರೆ ಎಷ್ಟು ತಿಂದರು ಎಂಬುದಕ್ಕಿಂತ ಊಟದ ನಡುವೆ ಎಷ್ಟು ಸಲ, ಎಷ್ಟು ಅಂಟುವ ರೂಪದಲ್ಲಿ ತಿಂದರು ಎಂಬುದು ಮುಖ್ಯ ಎಂದು ತೋರಿಸಿತು. ಆ ಜ್ಞಾನಕ್ಕೆ ತೆತ್ತ ಬೆಲೆಯನ್ನೂ ಹೇಳಬೇಕು. ಒಪ್ಪಿಗೆ ಕೊಡಲಾಗದ, ಬುದ್ಧಿಮಾಂದ್ಯರೆಂದು ಆಶ್ರಯಧಾಮದಲ್ಲಿ ಇರಿಸಲಾಗಿದ್ದವರಿಗೆ ಟಾಫಿ ತಿನ್ನಿಸಿ ಅವರ ಹಲ್ಲು ಕೆಡಿಸಿ ಪಡೆದ ಜ್ಞಾನ ಅದು.

ಫ್ಲೋರೈಡ್ ಪೇಸ್ಟಿನಲ್ಲಿ ಉಜ್ಜುವವರಿಗೆ ನಯವಾದ ಮುಖ ಉಳಿಯುತ್ತದೆ. ಬ್ರಷ್ಷು ಹೋಗದ ಹಲ್ಲುಗಳ ನಡುವಿನ ಪಕ್ಕ ಮಾತ್ರ ಒಳಗಿಂದೊಳಗೇ ಕೆಡುತ್ತಿರುತ್ತದೆ. ಅದನ್ನು ಕನ್ನಡಿಯಲ್ಲಿ ನೋಡಲಾಗದು. 1925ರಲ್ಲಿ ರೇಪರ್ ಎಂಬ ದಂತವೈದ್ಯ ಹಲ್ಲಲ್ಲಿ ಕಚ್ಚಿ ಹಿಡಿಯುವ ಎಕ್ಸ್-ರೇ ಫಿಲ್ಮ್ ರೂಪಿಸಿದ ಮೇಲೆ ಆ ಮುಖ ನೋವಿಗೆ ಮೊದಲೇ ವೈದ್ಯರ ಕಣ್ಣಿಗೆ ಕಾಣುವಂತಾಯಿತು. ವೈಟ್‌ಫೀಲ್ಡಿನ ಕ್ಲಿನಿಕ್ಕಿನಲ್ಲಿ ಆರು ತಿಂಗಳಿಗೊಮ್ಮೆ ಎಕ್ಸ್-ರೇ ತೆಗೆಸುವವರ ಹುಳುಕು ಚುಕ್ಕೆಯಾಗಿದ್ದಾಗಲೇ ಸಿಗುತ್ತದೆ. ಅದೇ ಕಟ್ಟಡದ ನೆಲ ಒರೆಸುವವರ ಹುಳುಕು ಕೆನ್ನೆ ಊದಿದ ಮೇಲೆ ಸಿಗುತ್ತದೆ. ಜಾಲಹಳ್ಳಿಯ ಕಡೆ 1950ರ ದಶಕದಲ್ಲಿ ಎದ್ದ ಎಚ್‌ಎಂಟಿ, ಬಿಇಎಲ್‌ಗಳಂಥ ಸರ್ಕಾರಿ ಕಾರ್ಖಾನೆಗಳು ನೌಕರರಿಗೆ ಬಡಾವಣೆಯ ಜೊತೆ ಆಸ್ಪತ್ರೆಯನ್ನೂ ಕಟ್ಟಿಕೊಟ್ಟಿದ್ದವು. ಪೀಣ್ಯದ ಸಣ್ಣ ಘಟಕದ ಕಾರ್ಮಿಕರಿಗೆ ಇರುವುದು ಇಎಸ್‌ಐ, ಅದೂ ಹೆಸರು ದಾಖಲಾಗಿದ್ದರೆ, ತಿಂಗಳ ಸಂಬಳ 21,000 ರೂಪಾಯಿ ದಾಟದಿದ್ದರೆ.

ಇಷ್ಟು ಮುಖಗಳಲ್ಲಿ ಒಂದೇ ಒಂದನ್ನು ಉಳಿಸಿಕೊಳ್ಳಬೇಕು ಎಂದರೆ ಯಾವುದನ್ನು? ಉತ್ತರ ಬಹಳ ಕಾಲದಿಂದ ಗೊತ್ತಿದೆ. ಆರನೇ ವಯಸ್ಸಿನ ಸುಮಾರಿಗೆ ಹಾಲುಹಲ್ಲುಗಳ ಹಿಂದೆ, ಯಾವ ಹಲ್ಲೂ ಬೀಳದೆ, ಸದ್ದಿಲ್ಲದೆ ಮೂಡುವ ಮೊದಲ ಖಾಯಂ ದವಡೆ ಹಲ್ಲಿನ ಅಗಿಯುವ ಮುಖವನ್ನು. ಏನೂ ಬೀಳದ ಕಾರಣ ತಂದೆತಾಯಿ ಅದನ್ನೂ ಹಾಲುಹಲ್ಲೆಂದೇ ತಿಳಿಯುತ್ತಾರೆ. ಕೆಟ್ಟರೆ ಬಿಡು, ಬಿದ್ದು ಬೇರೆ ಬರುತ್ತೆ ಎನ್ನುತ್ತಾರೆ. ಬೇರೆ ಬರುವುದಿಲ್ಲ. ಅದು ಪೂರ್ತಿ ಮೇಲೇರಿ ಎದುರು ಹಲ್ಲಿಗೆ ತಾಗಲು ತಿಂಗಳುಗಳೇ ಬೇಕು. ಅಲ್ಲಿಯವರೆಗೆ ಅದು ಉಳಿದ ಹಲ್ಲುಗಳಿಗಿಂತ ತಗ್ಗಿನಲ್ಲಿರುತ್ತದೆ, ಬ್ರಷ್ಷು ಅದರ ಮೇಲಿಂದ ಹಾದುಹೋಗುತ್ತದೆ, ಸಂದಿನ ಪಾಚಿ ಅಲುಗುವುದಿಲ್ಲ. ಜೀವಮಾನವಿಡೀ ಅಗಿಯಬೇಕಾದ ಮುಖದ ಹಣೆಬರಹ ಬಹಳ ಸಲ ಆ ತಿಂಗಳುಗಳಲ್ಲೇ ನಿರ್ಧಾರವಾಗುತ್ತದೆ.

ಆ ಸಂದನ್ನು ಮುಚ್ಚುವ ವಿದ್ಯೆಯೂ ಹೊಸದಲ್ಲ. 1955ರಲ್ಲಿ ಮೈಕಲ್ ಬ್ಯೂನೊಕೋರ್, ಎನಾಮಲನ್ನು ಸೌಮ್ಯವಾಗಿ ಆಮ್ಲದಿಂದ ಒರಟು ಮಾಡಿದರೆ ರಾಳ ಅದಕ್ಕೆ ಅಂಟುತ್ತದೆ ಎಂದು ತೋರಿಸಿದರು. 1967ರಲ್ಲಿ ಕ್ವೇಟೊ ಎಂಬ ಸಹೋದ್ಯೋಗಿಯ ಜೊತೆ ಸಂದುಗಳನ್ನು ಮುಚ್ಚುವ ಲೇಪವನ್ನು ಪ್ರಕಟಿಸಿದರು. 1972ರಲ್ಲಿ ವಿಲ್ಸನ್ ಮತ್ತು ಕೆಂಟ್ ತಂದ ಗ್ಲಾಸ್ ಅಯೊನೊಮರ್ ಸಿಮೆಂಟು ಫ್ಲೋರೈಡನ್ನೂ ಬಿಡುಗಡೆ ಮಾಡುತ್ತದೆ. 1980ರ ದಶಕದಲ್ಲಿ ಟಾಂಜಾನಿಯಾದಲ್ಲಿ, ವಿದ್ಯುತ್ತೂ ಕೊರೆಯುವ ಯಂತ್ರವೂ ಇಲ್ಲದೆ ಕೈಸಲಕರಣೆಗಳಿಂದಲೇ ಹುಳುಕು ತೆಗೆದು ಹಲ್ಲು ತುಂಬುವ ಕ್ರಮ ಬೆಳೆಯಿತು. ಶಾಲೆಯ ಜಗಲಿಯ ಬೆಂಚಿನ ಮೇಲೆ ಮಗುವನ್ನು ಮಲಗಿಸಿ ಮಾಡಬಹುದಾದ ಕೆಲಸ ಇದು. 1958ರಲ್ಲಿ ಬೆಂಗಳೂರಿಗೆ ಸರ್ಕಾರಿ ದಂತ ವೈದ್ಯಕೀಯ ಕಾಲೇಜು ಬಂತು. ಇಂದು ದೇಶದಲ್ಲೇ ಅತಿ ಹೆಚ್ಚು ದಂತ ಕಾಲೇಜುಗಳಿರುವ ರಾಜ್ಯಗಳಲ್ಲಿ ನಮ್ಮದೊಂದು. ವೈಟ್‌ಫೀಲ್ಡಿನಲ್ಲಿ ವೈದೇಹಿ, ಹೊಸೂರು ರಸ್ತೆಯ ಬೊಮ್ಮನಹಳ್ಳಿಯಲ್ಲಿ ಆಕ್ಸ್‌ಫರ್ಡ್, ಕಾರ್ಖಾನೆ ವಲಯದ ಮಗ್ಗುಲಲ್ಲೇ ಇವೆ. ಕಟ್ಟಡ ಕಾರ್ಮಿಕರ ಶೆಡ್ಡುಗಳಲ್ಲಿ ಬೆಳೆಯುವ ಮಕ್ಕಳ ಆರನೇ ವರ್ಷಕ್ಕೂ ಈ ಕಾಲೇಜುಗಳಿಗೂ ನಡುವಿನ ದೂರ ನಡೆದೇ ಹೋಗುವಷ್ಟು.

ರಾಜ್ಯ ಸರ್ಕಾರ 2014-15ರ ಸುಮಾರಿಗೆ ದಂತಭಾಗ್ಯ ಎಂಬ ಯೋಜನೆ ತಂದಿತು. ಬಡತನದ ರೇಖೆಗಿಂತ ಕೆಳಗಿನ ಹಿರಿಯರಿಗೆ ಉಚಿತವಾಗಿ ಕಟ್ಟುಹಲ್ಲು ಕೊಡುವುದು ಅದರ ಉದ್ದೇಶ. ಹಲ್ಲಿಲ್ಲದ ಅಜ್ಜಿಯೊಬ್ಬಳು ಮತ್ತೆ ರೊಟ್ಟಿ ಮುರಿದು ತಿನ್ನುವುದು ಸಣ್ಣ ಸಂಗತಿಯಲ್ಲ, ಅದನ್ನು ನಾನು ಲಘುವಾಗಿ ಕಾಣುವುದಿಲ್ಲ. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಎಂಬ ಗಾದೆಯ ಎರಡನೇ ಅರ್ಧಕ್ಕೆ ಸರ್ಕಾರ ಕೊಟ್ಟ ಉತ್ತರ ಅದು. ಆ ಅಜ್ಜಿಯ ಮೊಮ್ಮಗುವಿಗೆ ಹಲ್ಲೂ ಇದೆ, ಕಡಲೆಗೂ ಬರವಿಲ್ಲ. ಅದರ ದವಡೆಯ ನಾಲ್ಕು ಹಲ್ಲುಗಳ ಮೇಲಿನ ನಾಲ್ಕು ಸಂದುಗಳನ್ನು ಸಕಾಲದಲ್ಲಿ ಮುಚ್ಚಲು ಬೇಕಾದದ್ದು ಕಟ್ಟುಹಲ್ಲಿನ ಒಂದು ಜೊತೆಗೆ ಬೇಕಾದದ್ದಕ್ಕಿಂತ ಕಡಿಮೆ ಸಾಮಾನು, ಕಡಿಮೆ ಹೊತ್ತು.

ಈಚೆಗೆ ನನ್ನ ಪ್ರಶ್ನಾವಳಿಗೆ ಎರಡು ಸಾಲು ಸೇರಿಸಿಕೊಂಡಿದ್ದೇನೆ. ಹಲ್ಲು ಕೀಳಿಸಿದ್ದೀರಾ ಎಂದು ಕೇಳಿ ನಿಲ್ಲಿಸುವುದಿಲ್ಲ. ಯಾವ ಹಲ್ಲು, ಅದು ಮೊದಲು ಎಲ್ಲಿ ಕಪ್ಪಾಯಿತು ಎಂದೂ ಕೇಳುತ್ತೇನೆ. ಜನ ಬೆರಳಿಟ್ಟು ತೋರಿಸುತ್ತಾರೆ. ಮೇಲೆ, ನಡುವೆ, ಪಕ್ಕದಲ್ಲಿ, ಒಸಡಿನ ಬುಡದಲ್ಲಿ. ತೋರಿಸಬೇಕಾದರೆ ಬಾಯಿ ತೆರೆಯಲೇಬೇಕು, ಮುಚ್ಚಿದ ಕೈ ತೆಗೆಯಲೇಬೇಕು. ಹಾಗೆ ತೋರಿಸುತ್ತಲೇ ಊರಿನ ಕೊಳವೆಬಾವಿಯ ಮಾತು, ರಾತ್ರಿ ಪಾಳಿಯ ಚಹಾದ ಮಾತು, ರಜೆ ಸಿಗದ ವಾರದ ಮಾತು ತಾವಾಗಿ ಬರುತ್ತವೆ. ನಾನು ಬರೆದುಕೊಳ್ಳುತ್ತೇನೆ.